ರಕ್ತ ಹೆಚ್ಚಾದ ಕುದುರೆ

"ನನ್ನ ತಂಗಿ ಬಕೆಟ್ ಬೋರಲು ಹಾಕ್ಕೊಂಡು ಲಾಯದ ಬಾಗಿಲಲ್ಲಿ ಕೂತಿದಾಳೆ. ಪೊಲೀಸರು ಬಂದು ಎತ್ತಿದ್ರೂ ಏಳಲ್ಲ ಅಂತಾಳೆ. ನೀವು ಒಂದು ಸಲ ಬಂದು ನೋಡಬೇಕು, ಡಾಕ್ಟ್ರಮ್ಮ."

ಹಾಗೆಂದವಳು ನಮ್ಮ ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸು. ಅಳತೆಯ ಟೇಪು ಕುತ್ತಿಗೆಯಲ್ಲಿ ಇನ್ನೂ ನೇತಾಡುತ್ತಿತ್ತು. ಅರ್ಧ ಹೊಲಿದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಓಡಿ ಬಂದಿದ್ದಳು.

ನನ್ನ ಚಿಕ್ಕಮ್ಮ ಅವಳಿಗೆ ಕುರ್ಚಿ ತೋರಿಸಿದಳು. ಚಿಕ್ಕಮ್ಮ ಪ್ರಾಣಿಗಳ ರಕ್ತ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದು ನಿವೃತ್ತಳಾದವಳು. ಬೇರೆಯವರ ಮನೆಯಲ್ಲಿ ಟೀವಿ ಇರುವ ಜಾಗದಲ್ಲಿ ನಮ್ಮ ಮನೆಯಲ್ಲಿ ಸೂಕ್ಷ್ಮದರ್ಶಕವಿತ್ತು. ಬೆಕ್ಕಿಗೆ ಯಾರೋ ಏನೋ ಹಾಕಿದರು, ಕರು ರಾತ್ರೋರಾತ್ರಿ ಬದಲಾಯಿತು ಎಂದು ಜನ ಅವಳ ಹತ್ತಿರ ಬರುತ್ತಿದ್ದರು. ಅವಳ ಕಾರು ಓಡಿಸುವುದು, ಪೆಟ್ಟಿಗೆ ಹೊರುವುದು, ಜಗಳವಾದರೆ ಮುಂದೆ ನಿಲ್ಲುವುದು ನನ್ನ ಕೆಲಸ. ಕೊನೆಯದಕ್ಕೆ ನಾನು ಹೇಳಿ ಮಾಡಿಸಿದವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಹೊಲಿಗೆಯವಳು ಹೇಳಿದ್ದು ಇಷ್ಟು. ಅವಳ ತಂಗಿ ಊರಾಚೆಯ ಲಾಯದಲ್ಲಿ ಕುದುರೆ ನೋಡಿಕೊಳ್ಳುವವಳು. ಅಲ್ಲಿನ ಪಂದ್ಯದ ಕುದುರೆಯನ್ನು ಎಲ್ಲರೂ 'ಬಾಣ' ಎಂದು ಕರೆಯುತ್ತಿದ್ದರು. ಹಿಂದಿನ ದಿನ ಬೆಳಿಗ್ಗೆ ಓಡುತ್ತಿದ್ದ ಬಾಣ ಮುಗ್ಗರಿಸಿ ಮಲಗಿಬಿಟ್ಟ. ಈ ದಿನ ಬೆಳಿಗ್ಗೆ ಪಶುವೈದ್ಯರು ಅವನ ರಕ್ತ ತೆಗೆದು ಪರೀಕ್ಷೆ ಮಾಡಿಸಿದರು. ಗಾಯವಾದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಸಣ್ಣ ಕಣಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಬಹಳ ಇಳಿದಿದ್ದವು. ಡಾಕ್ಟರು ವಿಷ ಎಂದರು. ಮೇವು ಹಾಕುವವಳು ಯಾರು ಎಂದು ಯಜಮಾನಿ ಕೇಳಿದಳು. ಅಲ್ಲಿಗೆ ತೀರ್ಪು ಮುಗಿಯಿತು.

"ತಪ್ಪು ಒಪ್ಪಿಕೊಂಡು ಬರೆದುಕೊಟ್ರೆ ಬಿಟ್ಟುಬಿಡ್ತಾರಂತೆ. ಇಲ್ಲಾಂದ್ರೆ ಸಂಜೆ ಪೊಲೀಸು," ಎಂದು ಅಕ್ಕ ಮೂಗು ಒರೆಸಿಕೊಂಡಳು. "ಬರೆದುಕೊಟ್ಟು ಬಾರೇ, ನನ್ನ ಜೊತೆ ಅಂಗಿಗೆ ಗುಂಡಿ ಹೊಲ್ಕೊಂಡಿರು ಅಂದೆ. 'ಬರೆದುಕೊಟ್ರೆ ಯಾವ ಲಾಯದಲ್ಲೂ ನನ್ನ ನೆರಳು ಬೀಳೋಕೆ ಬಿಡಲ್ಲ, ನಾನು ಮಾಡಿಲ್ಲ, ನಾನು ಏಳಲ್ಲ' ಅಂತಾಳೆ."

"ಸರಿಯಾಗೇ ಹೇಳಿದಾಳೆ," ಎಂದು ಚಿಕ್ಕಮ್ಮ ಚಪ್ಪಲಿ ಮೆಟ್ಟಿದಳು. "ಇಳಿದದ್ದು ಪ್ಲೇಟ್‌ಲೆಟ್ಟೋ, ಡಾಕ್ಟರ ತಾಳ್ಮೆಯೋ, ಹೋಗಿ ನೋಡೋಣ."

ಲಾಯದ ಬಾಗಿಲಲ್ಲಿ ತಂಗಿ ಕೂತಿದ್ದಳು. ಮೊಣಕಾಲಿನವರೆಗೆ ಬೂಟು, ಕೂದಲಲ್ಲಿ ಒಣಹುಲ್ಲು, ಅತ್ತು ಒಣಗಿದ ಮುಖ. ಬಕೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಎದ್ದು ನಿಂತು ಮಾತಾಡಿಸೋಕೆ ಆಗಲ್ಲ, ಬೇಜಾರು ಮಾಡ್ಕೋಬೇಡಿ," ಎಂದಳು. "ನಾನು ಎದ್ರೆ ಬಾಗಿಲು ಹಾಕ್ತಾರೆ."

"ಕೂತಿರು," ಎಂದಳು ಚಿಕ್ಕಮ್ಮ. "ನಿನ್ನ ಕೆಲಸ ಅದು, ನನ್ನದು ಬೇರೆ."

ಯಜಮಾನಿ ಕೋಲೂರಿಕೊಂಡು ಬಂದಳು. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ಇನ್ನೂ ಇಪ್ಪತ್ತು. ಅವಳ ಹಿಂದೆ ಡಾಕ್ಟರು, ಕುದುರೆಗೆ ಓಟ ಕಲಿಸುವ ಮೇಷ್ಟ್ರು, ಮತ್ತು ಮನೆ ಅಳಿಯ ಬಂದರು. ಯಜಮಾನಿ ಒಬ್ಬೊಬ್ಬರನ್ನೇ ಪರಿಚಯಿಸಿದಳು.

"ಇವರು ಡಾಕ್ಟ್ರು, ಒಂದೇ ನೋಟಕ್ಕೆ ರೋಗ ಹೇಳ್ತಾರೆ. ಇವರು ಮೇಷ್ಟ್ರು, ಕುದುರೆಗಿಂತ ಜಾಸ್ತಿ ಬೆವರ್ತಾರೆ. ಇವನು ನನ್ನ ಅಳಿಯ. ಮೊದಲು ಆಸ್ಪತ್ರೇಲಿ ಜನರ ರಕ್ತ ತೆಗೀತಿದ್ದ, ಈಗ ಮನೇಲಿ ಕೂತು ನನ್ನ ರಕ್ತ ಹೀರ್ತಿದಾನೆ."

ಅಳಿಯ ನಕ್ಕ. ಆ ನಗು ಬಹಳ ಸಲ ಅಭ್ಯಾಸ ಮಾಡಿದಂತಿತ್ತು. ಪಾಪ ಎನ್ನಿಸಿತು.

"ನಿಮ್ಮನ್ನ ಕರೆಸಿದ್ದು ನಾನಲ್ಲ," ಎಂದು ಯಜಮಾನಿ ಮುಂದುವರಿಸಿದಳು. "ಬಂದಿದೀರಿ, ನೋಡಿ. ಸಂಜೆಯೊಳಗೆ ಅವಳು ಬರೆದುಕೊಡ್ಲಿಲ್ಲ ಅಂದ್ರೆ ನಾನು ಫೋನ್ ಮಾಡೋಳೇ."

"ಮಾಡಿ," ಎಂದು ಬಾಗಿಲಿಂದ ತಂಗಿಯ ಧ್ವನಿ ಬಂತು. "ಸ್ಟೇಷನ್ನಲ್ಲೂ ಇದನ್ನೇ ಹೇಳ್ತೀನಿ."

ಬಾಣ ಒಳಗಿನ ಗೋಡೆಗೆ ಒರಗಿ ನಿಂತಿದ್ದ. ಕಡುಕಂದು ಮೈ, ತಲೆ ನೆಲದತ್ತ. ಚಿಕ್ಕಮ್ಮ ಅವನ ತುಟಿ ಎತ್ತಿ ಒಸಡು ತೋರಿಸಿದಳು. ಅದು ಸುಟ್ಟ ಇಟ್ಟಿಗೆಗಿಂತ ಕಡುವಾಗಿತ್ತು. ಎಲ್ಲೂ ರಕ್ತದ ಚುಕ್ಕೆ ಇರಲಿಲ್ಲ, ಚರ್ಮದಲ್ಲಿ ಕಂದಿದ ಗುರುತೂ ಇರಲಿಲ್ಲ.

"ಇನ್ನೊಂದು ಸಲ ರಕ್ತ ತೆಗೀತೀರಾ ಡಾಕ್ಟ್ರೇ?"

ಡಾಕ್ಟರು ಮುಖ ಗಂಟಿಕ್ಕಿದರೂ ಪೆಟ್ಟಿಗೆ ತೆರೆದರು. ಒಳಗೆ ದೊಡ್ಡ ಪ್ರಾಣಿಗಳ ಸಾಮಾನು: ಹೆಣಿಗೆ ಕಡ್ಡಿಯಂಥ ಸೂಜಿಗಳು, ಒಂದು ಕೊಡದಷ್ಟು ರಕ್ತ ಹಿಡಿಯುವ ಚೀಲಗಳು. ಸಣ್ಣ ಸೂಜಿಯೊಂದನ್ನು ಹುಡುಕಿ ಚುಚ್ಚಿದರು. ಮೇಷ್ಟ್ರು ಕೂಡಲೇ ಗೋಡೆಯತ್ತ ತಿರುಗಿ ಕಣ್ಣು ಮುಚ್ಚಿಕೊಂಡರು.

"ಅವರು ಯಾವತ್ತೂ ಹೀಗೇ," ಎಂದರು ಡಾಕ್ಟರು. "ಕುದುರೆಗೆ ಸೂಜಿ ಹಾಕಿದ್ರೆ ಮೊದಲು ಬೀಳೋರು ಇವರು."

ಚುಚ್ಚಿದ ಜಾಗವನ್ನು ಒತ್ತಿ ಹಿಡಿಯಲು ಡಾಕ್ಟರು ಹತ್ತಿ ತೆಗೆದರು. ಚಿಕ್ಕಮ್ಮ ಅವರ ಕೈ ತಡೆದು ಸುಮ್ಮನೆ ನೋಡುತ್ತ ನಿಂತಳು. ಒಂದು ಹನಿ ಕಪ್ಪುಕೆಂಪು ರಕ್ತ ಬಂತು, ಅಲ್ಲೇ ಗಟ್ಟಿಯಾಯಿತು, ನಿಂತಿತು. ಅವಳು ಆ ರಕ್ತದ ಕೊಳವೆಯನ್ನು ಕಿಟಕಿಯ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿದಳು.

"ಅಲುಗಾಡಿಸಬೇಡಿ. ಕುದುರೆಯ ರಕ್ತಕ್ಕೆ ಅವಸರ ಜಾಸ್ತಿ, ಕೆಂಪು ತಾನಾಗೇ ಬೇಗ ಕೆಳಗೆ ಕೂರುತ್ತೆ, ಮೇಲೆ ಹಳದಿ ನೀರು ನಿಲ್ಲುತ್ತೆ."

ನನಗೆ ಸುಮ್ಮನೆ ನಿಂತು ಅಭ್ಯಾಸವಿಲ್ಲ. ಪಕ್ಕದ ಜೀನು ಇಡುವ ಕೋಣೆಗೆ ಹೋದೆ. ಎಲ್ಲ ಕಡೆ ಧೂಳು, ಚರ್ಮದ ಪಟ್ಟಿಗಳು, ಹಳೆಯ ಲಾಳಗಳು. ಒಂದು ಮೂಲೆಯ ನೆಲ ಮಾತ್ರ ತಿಕ್ಕಿ ತೊಳೆದಂತಿತ್ತು. ಅದರ ಮೇಲಿನ ಗೋಡೆಗೆ ಹೊಸ ಮೊಳೆಯೊಂದನ್ನು ಹೊಡೆದಿದ್ದರು. ಏನು ನೇತುಹಾಕುತ್ತಾರೆ ಇಲ್ಲಿ ಎಂದು ತಡವಿದೆ, ಬೆರಳು ಗೀರಿತು.

ನನ್ನ ಬೈಗುಳ ಕೇಳಿ ಅಳಿಯ ಓಡಿ ಬಂದ. ಜೇಬಿನಿಂದ ಹತ್ತಿ ತೆಗೆದ, ಒತ್ತಿ ಹಿಡಿದ, ಗುಂಡನೆಯ ಪುಟ್ಟ ಪ್ಲಾಸ್ಟರು ಅಂಟಿಸಿದ. "ಕೈ ಸ್ವಲ್ಪ ಮೇಲೆತ್ತಿ ಹಿಡೀರಿ ಅಕ್ಕ. ಆಸ್ಪತ್ರೆ ಬಿಟ್ರೂ ಇದೊಂದು ಜೇಬಲ್ಲಿ ಇಟ್ಕೊಳ್ಳೋ ಅಭ್ಯಾಸ ಹೋಗಿಲ್ಲ," ಎಂದ. ಆ ಮನೆಯಲ್ಲಿ ಮನುಷ್ಯರ ಹಾಗೆ ಮಾತಾಡಿದವನು ಇವನೊಬ್ಬನೇ ಎಂದುಕೊಂಡೆ.

ಬಾಣನ ಪಕ್ಕದ ಅಂಕಣದಲ್ಲಿ ಬೂದುಬಣ್ಣದ ಮುದಿ ಹೆಣ್ಣು ಕುದುರೆಯಿತ್ತು. ಅವಳನ್ನು ಎಲ್ಲರೂ 'ಅಜ್ಜಿ' ಎನ್ನುತ್ತಿದ್ದರು. ನಿಂತಲ್ಲೇ ಏದುಸಿರು ಬಿಡುತ್ತಿದ್ದಳು.

"ವಯಸ್ಸಾಯ್ತು ಪಾಪ," ಎಂದ ಅಳಿಯ. "ಯಾರೂ ಹತ್ತಬೇಡಿ ಅಂತ ನಾನೇ ಹೇಳಿದೀನಿ. ಕಬ್ಬಿಣದ ಟಾನಿಕ್ ತಂದು ಕುಡಿಸ್ತಿದೀನಿ."

"ಇದೊಂದು ಹೊಸದು," ಎಂದು ಯಜಮಾನಿ ಗೊಣಗಿದಳು. "ಇಷ್ಟು ವರ್ಷ ಅವಳ ಕಡೆ ತಿರುಗಿ ನೋಡಿರಲಿಲ್ಲ."

ಚಿಕ್ಕಮ್ಮ ಅಜ್ಜಿಯ ಒಸಡು ನೋಡಿದಳು. ತೊಳೆದ ಬಟ್ಟೆಯಷ್ಟು ಬಿಳುಪಾಗಿತ್ತು. ಆಮೇಲೆ ಕುತ್ತಿಗೆಯ ಎಡಬದಿಗೆ ಬಿದ್ದಿದ್ದ ಕೇಸರವನ್ನು ಎತ್ತಿದಳು. ಅದರಡಿ ಸಾಲಾಗಿ, ನಾಣ್ಯದಗಲ ಕೂದಲು ಬೋಳಿಸಿದ ಗುಂಡು ಗುರುತುಗಳಿದ್ದವು. ಪ್ರತಿಯೊಂದರ ನಡುವೆ ಒಂದು ಪುಟ್ಟ ಹಕ್ಕಳೆ, ಸುತ್ತಲೂ ಅಂಟಿನ ಮೇಲೆ ಕೂತ ಧೂಳು.

"ಉಣ್ಣಿ ಕಚ್ಚಿದ್ದಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ಉಣ್ಣಿ ಕ್ಷೌರ ಮಾಡಿ ಕಚ್ಚಲ್ಲ ಕಣೇ," ಎಂದು ಅವಳು ಕೇಸರವನ್ನು ಮತ್ತೆ ಇಳಿಬಿಟ್ಟಳು.

ಜೀನಿನ ಕೋಣೆಯಲ್ಲಿ ಕಂಡದ್ದನ್ನು ನಾನು ಅವಳಿಗೆ ಹೇಳಿದೆ. ಅವಳು ಹೊರಗೆ ಬಂದು ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು: "ನಿನ್ನ ರಜೆಯ ದಿನ ಇಲ್ಲಿ ಯಾರಿರ್ತಾರೆ?"

"ಮೇಷ್ಟ್ರಿಗೂ ಅವತ್ತೇ ರಜ. ಅಳಿಯಂದಿರು ನೋಡ್ಕೋತಾರೆ. ಮೊದಲೆಲ್ಲ ನಾನು ರಜ ತಗೊಳ್ತಿರಲಿಲ್ಲ. ಈಚೆಗೆ 'ಹೋಗಿ ಅಕ್ಕನ್ನ ನೋಡ್ಕೊಂಡು ಬಾ' ಅಂತ ಅವರೇ ಕಳಿಸ್ತಾರೆ. ಡಾಕ್ಟ್ರು ಕರೆದಾಗ ಬರ್ತಾರೆ, ಅವತ್ತು ಬಂದ್ರೂ ನಂಗೆ ಗೊತ್ತಾಗಲ್ಲ."

"ಜೀನಿನ ಕೋಣೆಯ ನೆಲ ತೊಳೆದದ್ದು ನೀನಾ?"

"ಆ ಕೋಣೆ ನೀರು ಕಂಡು ಎಷ್ಟು ಕಾಲ ಆಯ್ತೋ. ಚರ್ಮಕ್ಕೆ ತೇವ ಆಗಲ್ಲ ಅಂತ ನಾನು ಗುಡಿಸೋದು ಮಾತ್ರ."

ಚಿಕ್ಕಮ್ಮ ಎದ್ದು ಮಂಡಿ ನೀವಿಕೊಂಡಳು. "ಎಲ್ಲರನ್ನೂ ಇಲ್ಲಿಗೆ ಕರಿ," ಎಂದಳು ನನಗೆ.

ಯಜಮಾನಿಯ ಕಡೆಯಿಂದ ಉತ್ತರ ಬಂತು: ಮಾತಿದ್ದರೆ ಮನೆಯೊಳಗೆ ಬರಲಿ, ಕೆಲಸದವಳ ಮುಂದೆ ಪಂಚಾಯಿತಿ ಮಾಡುವ ಅಭ್ಯಾಸ ನಮಗಿಲ್ಲ. ನಾನು ಹಾಗೇ ತಂದು ಒಪ್ಪಿಸಿದೆ.

"ಅವಳು ಏಳಲ್ಲ, ಆದ್ದರಿಂದ ಮಾತು ಅವಳಿರೋ ಕಡೆಗೇ ಬರಬೇಕು. ಯಜಮಾನಿಗೆ ಕುರ್ಚಿ ಹಾಕಿಸು," ಎಂದಳು ಚಿಕ್ಕಮ್ಮ. ಹಾಕಿಸಿದೆ. ಯಜಮಾನಿ ಬೈದುಕೊಂಡೇ ಬಂದು ಕೂತಳು.

ಚಿಕ್ಕಮ್ಮ ಕಿಟಕಿಯಿಂದ ಕೊಳವೆ ತಂದು ಬೆಳಕಿಗೆ ಹಿಡಿದಳು. ಅದರ ಮುಕ್ಕಾಲು ಪಾಲು ಕೆಂಪು, ಮೇಲೆ ಬೆರಳ ಉಗುರಿನಷ್ಟು ಹಳದಿ.

"ಡಾಕ್ಟ್ರೇ, ನೀವು ಏನು ಹೇಳಿದ್ರಿ?"

"ಪ್ಲೇಟ್‌ಲೆಟ್ ಬಿದ್ದಿದೆ. ಕುದುರೆ ಕುಸಿದಿದೆ. ವಿಷ ಅಲ್ಲದೆ ಇನ್ನೇನು?"

"ವಿಷ ಪ್ಲೇಟ್‌ಲೆಟ್ ಕೊಂದಿದ್ರೆ, ಅಷ್ಟು ಇಳಿದ ಮೇಲೆ ಒಸಡಲ್ಲಿ ಚುಕ್ಕೆ ಏಳಬೇಕಿತ್ತು, ಚುಚ್ಚಿದ ಕಡೆ ಜಿನುಗಬೇಕಿತ್ತು. ನೀವೇ ಚುಚ್ಚಿದ್ರಿ, ಒಂದೇ ಹನಿಗೆ ನಿಂತಿತು. ಹೆಪ್ಪುಗಟ್ಟಿಸೋ ಕೆಲಸಕ್ಕೆ ಜನ ಕಮ್ಮಿ ಇಲ್ಲ ಅಂತಾಯ್ತು. ಮತ್ತೆ ಎಣಿಕೆ ಯಾಕೆ ಇಳೀತು? ನೀವು ಎಣಿಸೋದು ಒಂದು ಹನಿಯಲ್ಲಿ ಎಷ್ಟು ಅಂತ. ಒಂದು ಮದುವೆ ಮನೆ ಅಂದ್ಕೊಳ್ಳಿ. ನೆಂಟರು ಅಷ್ಟೇ ಇದಾರೆ, ಊರೋರು ಮಾತ್ರ ನುಗ್ಗಿ ಛತ್ರ ತುಂಬಿದಾರೆ. ಒಂದು ಸಾಲಲ್ಲಿ ನೋಡಿದ್ರೆ ನೆಂಟರು ಕಮ್ಮಿ ಕಾಣ್ತಾರೆ. ಯಾರೂ ಸತ್ತಿಲ್ಲ, ಗುಂಪು ಬೆಳೆದಿದೆ. ಇಲ್ಲಿ ಆ ಗುಂಪು ಕೆಂಪು ಕಣಗಳದ್ದು. ಸುಮ್ಮನೆ ನಿಂತ ಕುದುರೆಗೆ ಕೊಳವೆಯ ಅರ್ಧವೂ ಕೆಂಪು ತುಂಬಬಾರದು, ಇಲ್ಲಿ ಮುಕ್ಕಾಲಿದೆ."

ಡಾಕ್ಟರು ಕೊಳವೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಓಡಿದ ಕುದುರೆಯ ಹೊಟ್ಟೆಯೊಳಗಿನ ಗುಲ್ಮ ಹಿಂಡಿಕೊಂಡು, ಒಳಗೆ ಕೂಡಿಟ್ಟ ಕೆಂಪು ಕಣಗಳನ್ನ ರಕ್ತಕ್ಕೆ ಬಿಡುತ್ತೆ. ರಕ್ತ ದಪ್ಪಗಾಗೋದು ಸಹಜ," ಎಂದರು. ಸೋಲು ಒಪ್ಪುವ ಧ್ವನಿಯಾಗಿರಲಿಲ್ಲ.

"ಓಡಿ ನಿಂತ ಕುದುರೆಗೆ ಸಹಜ. ಸ್ವಲ್ಪ ಹೊತ್ತಿಗೆ ಅದು ತಿರುಗಿ ಒಳಗೆ ಹೋಗುತ್ತೆ. ಇವನು ನಿನ್ನೆ ಬಿದ್ದ ಮೇಲೆ ಓಡೇ ಇಲ್ಲ. ನೀರು ಬತ್ತಿ ದಪ್ಪಗಾಗಿದ್ರೆ ಒಸಡು ಒಣಗಿರಬೇಕಿತ್ತು, ಪ್ಲೇಟ್‌ಲೆಟ್ಟೂ ಜೊತೆಗೆ ಒತ್ತೊತ್ತಾಗಬೇಕಿತ್ತು. ನಮ್ಮ ಪ್ರಯೋಗಾಲಯದಲ್ಲಿ ಇಲಿಗಳಿಗೆ ಬೇರೆ ಇಲಿಯ ಕೆಂಪು ಕಣ ತುಂಬಿ ನೋಡಿದ್ವಿ. ಕೆಂಪು ಏರಿದ ಹಾಗೆ ಪ್ಲೇಟ್‌ಲೆಟ್ ಎಣಿಕೆ ಇಳೀತಿತ್ತು. ಓಟದ ತೆಳು ನಾಯಿಗಳನ್ನೇ ನೋಡಿ, ಹುಟ್ಟಿನಿಂದ ಕೆಂಪು ಜಾಸ್ತಿ, ಪ್ಲೇಟ್‌ಲೆಟ್ ಕಮ್ಮಿ. ಅವಕ್ಕೆ ಯಾರು ವಿಷ ಹಾಕಿದ್ರು?"

ಡಾಕ್ಟರು ಕೊಳವೆಯನ್ನು ವಾಪಸ್ ಕೊಟ್ಟರು.

"ಬಾಣನ ಮೈಗೆ ಯಾರೋ ಕೆಂಪು ಕಣ ತುಂಬಿದಾರೆ, ಪಂದ್ಯದಲ್ಲಿ ದಮ್ಮು ಉಳೀಲಿ, ವೇಗ ಬರಲಿ ಅಂತ. ಅಳತೆ ಮೀರ್ತು. ರಕ್ತ ಮಂದವಾಗಿ ಹರಿಯೋಕೇ ಕಷ್ಟವಾಯ್ತು, ಬಿದ್ದ. ಆ ಕೆಂಪು ಎಲ್ಲಿಂದ ಬಂತು? ಪಕ್ಕದ ಅಂಕಣಕ್ಕೆ ಹೋಗಿ ಅಜ್ಜಿಯ ಒಸಡು ನೋಡಿ. ಇವನಲ್ಲಿ ಜಾಸ್ತಿಯಾದದ್ದು ಅವಳಲ್ಲಿ ಕಮ್ಮಿಯಾಗಿದೆ."

ತಂಗಿಯ ಕೈ ಬಕೆಟ್ಟಿನ ಅಂಚನ್ನು ಬಿಟ್ಟು ಬಾಯಿಗೆ ಹೋಯಿತು. ತನ್ನ ಮೇಲೆ ಬಂದ ಆರೋಪಕ್ಕೆ ಹೀಗೆ ಬೆಚ್ಚಿದವಳಲ್ಲ ಅವಳು.

"ತೆಗೆದ ರಕ್ತದ ಚೀಲಗಳನ್ನ ಜೀನಿನ ಕೋಣೆಯ ಹೊಸ ಮೊಳೆಗೆ ನೇತುಹಾಕಿದಾರೆ. ಕೆಂಪು ಕೆಳಗೆ ಕೂತಿದೆ. ಹಳದಿ ನೀರನ್ನ ಅಲ್ಲೇ ಬಸಿದು ನೆಲ ತೊಳೆದಿದಾರೆ. ಇದೆಲ್ಲ ಆದದ್ದು ಈ ಹುಡುಗಿ ಇಲ್ಲದ ದಿನ. ಇವಳಾಗಿದ್ರೆ ಧೂಳಿನ ಕೋಣೆಯಲ್ಲಿ ಒಂದು ಮೂಲೆ ಮಾತ್ರ ಫಳಫಳ ಅನ್ನಿಸಿ ಹೋಗ್ತಿರಲಿಲ್ಲ. ಮತ್ತೆ ಯಾರು? ಮೇಷ್ಟ್ರಿಗೆ ಗೆಲುವು ಬೇಕು, ಆದ್ರೆ ಒಂದು ಹನಿ ಕಂಡ್ರೆ ಗೋಡೆ ಹಿಡೀತಾರೆ."

"ಅದು ನನ್ನ ಪುಣ್ಯ," ಎಂದರು ಮೇಷ್ಟ್ರು, ಹಣೆ ಒರೆಸಿಕೊಳ್ಳುತ್ತ.

"ಡಾಕ್ಟ್ರಿಗೆ ಕೈಚಳಕ ಇದೆ. ಆದ್ರೆ ಅವರ ಚೀಲ ಒಂದು ಕೊಡದಷ್ಟು ದೊಡ್ಡದು. ಒಂದು ತೂತು, ಒಂದು ಚೀಲ, ಕೆಲಸ ಮುಗೀತು. ಅಜ್ಜಿಯ ಕುತ್ತಿಗೇಲಿ ಸಾಲು ತೂತಿದೆ. ಯಾಕಂದ್ರೆ ತೆಗೆದವರ ಹತ್ತಿರ ಇದ್ದದ್ದು ಮನುಷ್ಯರ ಅಳತೆಯ ಪುಟ್ಟ ಚೀಲ. ಒಂದು ಚೀಲ ತುಂಬೋದು, ಇನ್ನೊಂದು ಕಡೆ ಚುಚ್ಚೋದು. ಅಷ್ಟೇ ಅಲ್ಲ. ಕುದುರೆ ಡಾಕ್ಟ್ರು ಯಾರೂ ಚುಚ್ಚಿದ ಮೇಲೆ ಪ್ಲಾಸ್ಟರು ಹಾಕಲ್ಲ, ಕೂದಲ ಮೇಲೆ ಅದು ನಿಲ್ಲಲ್ಲ. ಇಲ್ಲಿ ಪ್ಲಾಸ್ಟರು ನಿಲ್ಲಲಿ ಅಂತ ಗುಂಡಗೆ ಬೋಳಿಸಿದಾರೆ." ಚಿಕ್ಕಮ್ಮ ನನ್ನತ್ತ ತಿರುಗಿದಳು. "ಎಲ್ಲಿ, ನಿನ್ನ ಬೆರಳು ತೋರಿಸು."

ನಾನು ಬೆರಳು ಎತ್ತಿದೆ. ಅದರ ಮೇಲೆ ಗುಂಡನೆಯ ಪುಟ್ಟ ಪ್ಲಾಸ್ಟರು, ಅಂಚು ಕೂಡ ಏಳದಂತೆ ನೀಟಾಗಿ ಅಂಟಿತ್ತು. ಅಜ್ಜಿಯ ಕುತ್ತಿಗೆಯ ಗುರುತಿನಷ್ಟೇ ಅಗಲ. ಎಲ್ಲರೂ ನನ್ನ ಬೆರಳನ್ನೂ ಆಮೇಲೆ ಅಳಿಯನನ್ನೂ ನೋಡಿದರು. ಅವನನ್ನು ಒಳ್ಳೆಯವನೆಂದುಕೊಂಡ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಇಷ್ಟು ವರ್ಷ ಇಲ್ಲದ ಪ್ರೀತಿ ಅಜ್ಜಿ ಮೇಲೆ ಬಂದದ್ದು, ಕಬ್ಬಿಣದ ಟಾನಿಕ್ ತಂದದ್ದು, ಯಾರೂ ಹತ್ತಬೇಡಿ ಅಂದದ್ದು, ಎಲ್ಲ ಇದಕ್ಕೇ," ಎಂದಳು ಚಿಕ್ಕಮ್ಮ. "ರಕ್ತ ಕೊಟ್ಟವರನ್ನ ಚೆನ್ನಾಗಿ ನೋಡ್ಕೋಬೇಕು ಅಂತ ಆಸ್ಪತ್ರೇಲಿ ಕಲಿಸಿದ್ರು, ಅದನ್ನ ಮರೀಲಿಲ್ಲ ನೀವು."

ಅಳಿಯ ಬೇಲಿಯ ಕಂಬ ಹಿಡಿದ.

"ಒಂದೇ ಒಂದು ಪಂದ್ಯ," ಎಂದ ಕೊನೆಗೆ. "ನಾನು ತಯಾರು ಮಾಡಿದ ಕುದುರೆ ಗೆಲ್ತು ಅಂತ ಆಮೇಲೆ ಹೇಳೋಣ ಅಂತಿದ್ದೆ. ಅತ್ತೆ ಬಂದವರ ಮುಂದೆಲ್ಲ ನನ್ನನ್ನ ಹೇಗೆ ಪರಿಚಯ ಮಾಡಿಸ್ತಾರೆ ಅಂತ ಕೇಳಿದ್ರಲ್ಲ ನೀವೂ."

ಯಜಮಾನಿ ಕೋಲಿನ ತುದಿ ನೋಡುತ್ತ ಕೂತಳು.

ಮಾತಾಡಿದವಳು ತಂಗಿ. "ಅದೆಲ್ಲ ನಿಮ್ಮ ಮನೆ ವಿಷಯ. ನನ್ನ ಹೆಸರು ಯಾಕೆ ಹೇಳಿದ್ರಿ?"

"ನಾನು ಹೇಳ್ಲಿಲ್ಲಮ್ಮ. ಡಾಕ್ಟ್ರು ವಿಷ ಅಂದ್ರು, ಅತ್ತೆ ನೀನೇ ಅಂದ್ರು. ನಾನು ಸುಮ್ಮನಿದ್ದೆ ಅಷ್ಟೇ."

"ಸುಮ್ಮನಿದ್ರಿ. ನಾನು ಇಲ್ಲಿ ಬಿಸಿಲಲ್ಲಿ ಕೂತಿದ್ದಾಗ ಎರಡು ಸಲ ಬಂದು ನೀರು ಬೇಕಾ ಅಂತ ಕೇಳಿದ್ರಿ. ಆಗಲೂ ಸುಮ್ಮನಿದ್ರಿ."

ಅವನು ತಲೆ ತಗ್ಗಿಸಿದ. ಅವನ ಬಗ್ಗೆ ಉಳಿದಿದ್ದ ಅಯ್ಯೋ ಪಾಪವೂ ನನಗೆ ಅಲ್ಲಿಗೆ ಮುಗಿಯಿತು.

ಡಾಕ್ಟರು ಆಗಲೇ ಪೆಟ್ಟಿಗೆ ಎತ್ತಿಕೊಂಡಿದ್ದರು. ಬಾಣನಿಂದ ಸ್ವಲ್ಪ ರಕ್ತ ಇಳಿಸಿ ಉಪ್ಪುನೀರಿನ ಬಾಟಲಿ ಏರಿಸಬೇಕೆಂದು ಚಿಕ್ಕಮ್ಮ ಹೇಳುವ ಮೊದಲೇ ಹೊರಟಿದ್ದರು. ಬಕೆಟ್ಟಿನ ಹತ್ತಿರ ಬಂದಾಗ ನಿಂತರು.

"ಬೆಳಿಗ್ಗೆ ವಿಷ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ದೆ," ಎಂದರು. "ಈಗಲೂ ಹಾಗೇ ಹೇಳ್ತೀನಿ. ವಿಷ ಇಲ್ಲ. ನಾನು ತಪ್ಪು ಹೇಳಿದೆ." ಗಟ್ಟಿಯಾಗಿಯೇ ಹೇಳಿದರು.

"ಇಳಿಸಿದ ರಕ್ತ ಅಜ್ಜಿಗೆ ವಾಪಸ್ ಕೊಡೋಕಾಗಲ್ವಾ?" ಎಂದು ತಂಗಿ ಚಿಕ್ಕಮ್ಮನನ್ನು ಕೇಳಿದಳು.

"ಇಬ್ಬರದೂ ಕಲೆತು ಹೋಗಿದೆಯಮ್ಮ. ಅವಳಿಗೆ ಅವಳದೇ ಹುಟ್ಟಬೇಕು. ಹುಟ್ಟುತ್ತೆ, ವಿಶ್ರಾಂತಿ ಕೊಟ್ರೆ."

ಯಜಮಾನಿ ಕುರ್ಚಿಯಿಂದ ಎದ್ದಳು. ಅಳಿಯನಿಗೆ ಮನೆಯೊಳಗೆ ನಡೆಯಲು ಕೋಲಿನಲ್ಲೇ ಸನ್ನೆ ಮಾಡಿದಳು. ಅವನು ನಡೆದ. ಪಂದ್ಯದವರಿಗೆ ಫೋನ್ ಮಾಡಿ ಬಾಣನ ಹೆಸರು ತೆಗೆಸಿ, ಯಾಕೆಂದೂ ಹೇಳಿ, ಅಳಿಯನ ತಪ್ಪಾದರೂ ಮುಚ್ಚಿಡಬೇಡಿ ಎಂದು ಮೇಷ್ಟ್ರಿಗೆ ಹೇಳಿದಳು. ಆಮೇಲೆ ಬಾಗಿಲ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡಳು. ಕ್ಷಮೆ ಕೇಳಿ ಅಭ್ಯಾಸವಿಲ್ಲದವರ ಗಂಟಲು ಅದು, ಬಹಳ ಹೊತ್ತು ಸರಿಮಾಡಿಕೊಳ್ಳಬೇಕಾಯಿತು.

"ನನ್ನದೂ ತಪ್ಪಾಯ್ತು," ಎಂದಳು. "ಆದದ್ದು ಆಗಿಹೋಯ್ತು. ನಿನ್ನನ್ನ ಮತ್ತೆ ಕೆಲಸಕ್ಕೆ ಸೇರಿಸ್ಕೊಂಡಿದೀನಿ. ಒಳಗೆ ಬಾ."

ತಂಗಿ ಅವಳನ್ನು ನೇರವಾಗಿ ನೋಡಿದಳು.

"ಮತ್ತೆ ಯಾಕೆ ಸೇರಿಸ್ಕೋತೀರಿ ಅಮ್ಮ? ನಾನು ಬಿಟ್ಟು ಹೋಗೇ ಇಲ್ಲವಲ್ಲ."

ಆಮೇಲೆ ಎದ್ದಳು. ಜೋಮು ಹಿಡಿದ ಕಾಲನ್ನು ಒಮ್ಮೆ ನೆಲಕ್ಕೆ ತಟ್ಟಿದಳು. ಬಕೆಟ್ಟನ್ನು ನೆಟ್ಟಗೆ ಮಾಡಿ, ನಲ್ಲಿಯ ಕೆಳಗೆ ಇಟ್ಟು ತುಂಬಿಸಿಕೊಂಡು, ಯಜಮಾನಿಯನ್ನು ದಾಟಿ ಒಳಗೆ ಹೋದಳು. ಅಜ್ಜಿ ಅವಳ ಹೆಜ್ಜೆ ಕೇಳಿ ಕತ್ತು ಚಾಚಿದಳು, ಬಕೆಟ್ಟಿಗೆ ಮೂತಿ ಹಾಕಿ ಕುಡಿಯತೊಡಗಿದಳು.